ವಿಶ್ವವಿದ್ಯಾಲಯ ಹೋಯಿತು, ಪತ್ರಿಕೆ ಉಳಿಯಿತು

ಫಿನ್ಲೆಂಡ್‌ನಲ್ಲಿ ಈಗಲೂ ಹೊರಬರುತ್ತಿರುವ ಪತ್ರಿಕೆಗಳಲ್ಲಿ ಅತ್ಯಂತ ಹಳೆಯದು ಫಿನ್ನಿಷ್ ಭಾಷೆಯದಲ್ಲ, ತುರ್ಕು ನಗರದ ಸ್ವೀಡಿಷ್ ಪತ್ರಿಕೆ ‘ಓಬು ಉಂಡರ್ರೆಟ್ಟೆಲ್ಸೆರ್’. ಓಬು ಎಂಬುದು ತುರ್ಕುವಿನ ಸ್ವೀಡಿಷ್ ಹೆಸರು. ಪತ್ರಿಕೆಯ ಹೆಸರಿಗೆ ‘ಓಬು ವರ್ತಮಾನ’ ಎಂದಷ್ಟೇ ಅರ್ಥ. ಕ್ರಿಸ್ಟಿಯಾನ್ ಲುಡ್ವಿಗ್ ಯೆಲ್ಟ್ ಇದನ್ನು 1824ರ ಜನವರಿಯಲ್ಲಿ ಆರಂಭಿಸಿದರು. ದೇಶದಲ್ಲಿ ಇಂದು ಶೇ 5ರಷ್ಟು ಜನರಿಗೆ ಮಾತ್ರ ತಾಯ್ನುಡಿಯಾಗಿರುವ ಭಾಷೆಯ ಪ್ರಾದೇಶಿಕ ಪತ್ರಿಕೆ ಎರಡು ಶತಮಾನ ದಾಟಿದ್ದಕ್ಕೆ ಅದು ಆಳುವವರ ಭಾಷೆಯಲ್ಲಿ ಹುಟ್ಟಿದ್ದೇ ಕಾರಣ ಎಂದು ಹೇಳುವವರಿದ್ದಾರೆ. ಆ ವಾದ ಹುಟ್ಟನ್ನು ವಿವರಿಸುತ್ತದೆ, ಬಾಳಿಕೆಯನ್ನಲ್ಲ.

ವಾದದಲ್ಲಿ ನಿಜವಿಲ್ಲವೆಂದಲ್ಲ. 1809ರವರೆಗೆ ಫಿನ್ಲೆಂಡ್ ಸ್ವೀಡನ್ನಿನ ಭಾಗವಾಗಿತ್ತು. ರಷ್ಯಾದ ಚಕ್ರವರ್ತಿಯ ಕೈಸೇರಿದ ಮೇಲೂ ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯಗಳಲ್ಲಿ ಸ್ವೀಡಿಷ್‌ನದೇ ಮೇಲುಗೈ. ಧರ್ಮಬೋಧೆ ಮತ್ತು ಆರ್ಥಿಕ ಉಪಯೋಗದ ವಿಷಯಗಳನ್ನು ಬಿಟ್ಟು ಫಿನ್ನಿಷ್‌ನಲ್ಲಿ ಬೇರೇನೂ ಅಚ್ಚಾಗಬಾರದೆಂದು 1850ರಲ್ಲಿ ಆಜ್ಞೆಯೇ ಹೊರಟಿತ್ತು. ಬಹುಸಂಖ್ಯಾತರ ನುಡಿಗೆ ಆದ ಈ ಅನ್ಯಾಯವನ್ನು ಮರೆತು ಸ್ವೀಡಿಷ್ ಪತ್ರಿಕೆಗಳ ಚರಿತ್ರೆ ಬರೆಯಲಾಗದು. ಆದರೆ ಆ ಅಧಿಕಾರ ತುರ್ಕುವಿನಲ್ಲಿ ನಿಲ್ಲಲಿಲ್ಲ. 1812ರಲ್ಲೇ ರಾಜಧಾನಿಯ ಪಟ್ಟ ಹೆಲ್ಸಿಂಕಿಗೆ ಸಂದಿತ್ತು. ಪತ್ರಿಕೆಗೆ ನಾಲ್ಕು ವರ್ಷ ತುಂಬುವ ಮೊದಲೇ, 1827ರ ಸೆಪ್ಟೆಂಬರ್‌ನಲ್ಲಿ, ಊರಿನ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಮರುವರ್ಷ ವಿಶ್ವವಿದ್ಯಾಲಯವೂ ಹೆಲ್ಸಿಂಕಿಗೆ ಹೋಯಿತು. ವಿದ್ವಾಂಸ ಪೋರ್ಥಾನ್ ಮತ್ತು ಗೆಳೆಯರು 1771ರಲ್ಲಿ ಇದೇ ಊರಿನಲ್ಲಿ, ಇದೇ ಭಾಷೆಯಲ್ಲಿ ಆರಂಭಿಸಿದ್ದ ದೇಶದ ಮೊದಲ ಪತ್ರಿಕೆ ಹತ್ತೊಂಬತ್ತನೇ ಶತಮಾನದಲ್ಲೇ ನಿಂತಿತು. ಭಾಷೆಯ ಮೇಲ್ಮೆಯೊಂದೇ ಸಾಕಾಗಿದ್ದರೆ ಉಳಿಯಬೇಕಾದದ್ದು ಅದು.

ಉಳಿದದ್ದು ಊರಿಗೆ ಅಂಟಿಕೊಂಡ ಪತ್ರಿಕೆ. ತುರ್ಕುವಿನಾಚೆಯ ಪಾರ್ಗಾಸ್, ನಾಗು, ಕೊರ್ಪು ದ್ವೀಪಗಳಲ್ಲಿ ಸ್ವೀಡಿಷ್ ಮನೆಮಾತು. ದೊರೆಗಳದ್ದಲ್ಲ, ಮೀನುಗಾರರ, ರೈತರ ಮಾತು. ಅವರಿಗೆ ಫಿನ್ನಿಷ್ ಬರುವುದಿಲ್ಲವೇ, 1905ರಿಂದ ಬರುತ್ತಿರುವ ದೊಡ್ಡ ಪತ್ರಿಕೆ ‘ತುರುನ್ ಸನೊಮಾತ್’ ಸಾಲದೇ ಎಂಬ ಆಕ್ಷೇಪವಿದೆ. ಅನೇಕರಿಗೆ ಬರುತ್ತದೆ. ಪ್ರಶ್ನೆ ಓದಲು ಬರುತ್ತದೆಯೇ ಎಂಬುದಲ್ಲ, ಯಾರ ಬದುಕು ಸುದ್ದಿಯಾಗುತ್ತದೆ ಎಂಬುದು. 2009ರಲ್ಲಿ ಪಾರ್ಗಾಸ್ ಮತ್ತು ನಾಲ್ಕು ದ್ವೀಪ ಪುರಸಭೆಗಳನ್ನು ಒಂದುಗೂಡಿಸಲಾಯಿತು. ಅಂಥ ಬದಲಾವಣೆಯಲ್ಲಿ ದ್ವೀಪದ ಸಣ್ಣ ಶಾಲೆ ಇರುತ್ತದೆಯೋ, ಫೆರಿಯ ಸಮಯ ಬದಲಾಗುತ್ತದೆಯೋ ಎಂಬುದು ನಗರದ ಓದುಗರಿಗೆ ಮೂಲೆಯ ಸುದ್ದಿ, ಅಲ್ಲಿನವರಿಗೆ ಮುಖಪುಟ.

ಅಲ್ಪಸಂಖ್ಯಾತ ಭಾಷೆಯ ಪತ್ರಿಕೆಗಳಿಗೆ ಸರ್ಕಾರದ ಸಹಾಯಧನ ಏಕೆ ಎಂಬ ಮಾತೂ ಕೇಳಿಬರುತ್ತದೆ. 1919ರ ಸಂವಿಧಾನವೇ ಫಿನ್ನಿಷ್, ಸ್ವೀಡಿಷ್ ಎರಡನ್ನೂ ರಾಷ್ಟ್ರಭಾಷೆಗಳೆಂದಿತು. ಅಲ್ಪಸಂಖ್ಯಾತ ಭಾಷಿಕರು ಶೇ 8 ಅಥವಾ 3,000 ಮಂದಿ ಇದ್ದರೆ ಪುರಸಭೆ ದ್ವಿಭಾಷಿಕವಾಗಬೇಕೆಂಬುದು ಈಗಿನ ಕಾನೂನು. ತುರ್ಕು ಆ ಎರಡನೆಯ ಲೆಕ್ಕದಿಂದಲೇ ದ್ವಿಭಾಷಿಕ. ಅಲ್ಲಿನ ಆಸ್ಪತ್ರೆಯಲ್ಲಿ ಮುದುಕಿಯೊಬ್ಬಳ ಸ್ವೀಡಿಷ್ ಪ್ರಶ್ನೆಗೆ ಸ್ವೀಡಿಷ್‌ನಲ್ಲಿ ಉತ್ತರ ಸಿಕ್ಕಿತೇ ಎಂದು ಕಾನೂನು ಹೋಗಿ ವಿಚಾರಿಸುವುದಿಲ್ಲ. ಅದಕ್ಕೆ ವರದಿಗಾರ ಬೇಕು, ಅವನಿಗೆ ಸಂಬಳ ಕೊಡುವ ಪತ್ರಿಕೆ ಬೇಕು.