ತೊಳೆಯಬಾರದ ಹೂವು

ಇಂಗ್ಲೆಂಡಿನಲ್ಲಿ ಮೇ ಮುಗಿಯುವ ಹೊತ್ತಿಗೆ ಬೇಲಿಸಾಲುಗಳಲ್ಲಿ, ಹಿತ್ತಿಲ ಮೂಲೆಗಳಲ್ಲಿ ಎಲ್ಡರ್ ಗಿಡ ಹೂ ಬಿಡುತ್ತದೆ. ಅಂಗೈಯಗಲದ ಚಪ್ಪಟೆ ಗೊಂಚಲು, ಅದರ ತುಂಬ ಐದೈದು ಎಸಳಿನ ಕೆನೆಬಣ್ಣದ ಪುಟ್ಟ ಹೂಗಳು. ಈ ಹೂವಿನಿಂದ ನೊರೆಯುಕ್ಕುವ ಪಾನೀಯ ಮಾಡುವುದಾದರೆ ಬಿಸಿಲೇರಿದ ಒಣ ಬೆಳಿಗ್ಗೆ ಕೊಯ್ಯಬೇಕು, ಮಳೆಯಲ್ಲಿ ನೆಂದದ್ದು ಬೇಡ ಎನ್ನುವುದು ಅಲ್ಲಿನ ಮನೆಗಳ ವಾಡಿಕೆ. ಇನ್ನೊಂದು ಮಾತೂ ಇದೆ: ಹುಳುಹುಪ್ಪಟೆ ಇದ್ದರೆ ಕೊಡವಿ ಬಿಡಿ, ತೊಳೆಯಬೇಡಿ.

ಈ ಎರಡನೆಯ ಮಾತಿನಲ್ಲೇ ಅರ್ಧ ವಿದ್ಯೆ ಇದೆ. ತೊಳೆದರೆ ಪರಾಗ ಹೋಗುತ್ತದೆ, ಪರಿಮಳವೂ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೂವಿನ ಮೇಲೆ ಕೂತ ಯೀಸ್ಟ್ ಕೊಚ್ಚಿಹೋಗುತ್ತದೆ. ನಮ್ಮ ಇಡ್ಲಿ ಹಿಟ್ಟಿಗೆ ಯಾರೂ ಹೆಪ್ಪು ಹಾಕದಿದ್ದರೂ ಉದ್ದಿನ ಜೊತೆ ಬಂದ ಜೀವಿಗಳು ಬೆಳಗಾಗುವುದರೊಳಗೆ ಅದನ್ನು ಉಬ್ಬಿಸುವ ಹಾಗೆ, ಈ ಪಾನೀಯಕ್ಕೆ ನೊರೆ ತರುವುದು ಹೂವೇ ಹೊತ್ತು ತಂದ ಜೀವ. ಹುದುಗುವುದು ಜೀವಂತ ಯೀಸ್ಟಿನ ಕೆಲಸವೆಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು 1850ರ ದಶಕದ ಕೊನೆಗೆ. ಹೂವು ಹಣ್ಣುಗಳಿಂದ ಪಾನೀಯ ಮಾಡುತ್ತಿದ್ದ ಮನೆಗಳು ಆ ಜೀವವನ್ನು ಅದಕ್ಕೆ ಶತಮಾನಗಳ ಮೊದಲೇ ದುಡಿಸಿಕೊಂಡಿದ್ದವು.

ಮಾಡುವ ಕ್ರಮ ಸುಲಭ. 4.5 ಲೀಟರ್ ನೀರಿಗೆ 700 ಗ್ರಾಂ ಸಕ್ಕರೆ ಕರಗಿಸಿ, ನಾಲ್ಕಾರು ಗೊಂಚಲು ಹೂವು, ಒಂದೆರಡು ನಿಂಬೆಯ ರಸ ಮತ್ತು ಸಿಪ್ಪೆ, ಎರಡು ಚಮಚ ವಿನಿಗರ್ ಸೇರಿಸಿ ಬಟ್ಟೆ ಮುಚ್ಚಿ 24 ಗಂಟೆ ಇಡುತ್ತಾರೆ. ಗೊಂಚಲಿನ ದಪ್ಪ ಹಸಿರು ತೊಟ್ಟನ್ನು ಮೊದಲೇ ಕತ್ತರಿಸಿ ಎಸೆಯಬೇಕು. ಆ ಗಿಡದ ಎಲೆ, ಕಾಂಡ, ಎಳೆಗಾಯಿಗಳಲ್ಲಿ ಹೊಟ್ಟೆಗೆ ಹೋದರೆ ಸಯನೈಡ್ ಬಿಡುವ ವಸ್ತುವಿದೆ. ಮರುದಿನ ಸೋಸಿ ಬಾಟಲಿಗೆ ತುಂಬಿದರೆ ಸುಮಾರು ಎರಡು ವಾರದಲ್ಲಿ ಕುಡಿಯಲು ಸಿದ್ಧ.

ಆ ಎರಡು ವಾರವೇ ಎಚ್ಚರದ ಕಾಲ. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಬಿರಡೆ ಬಿಗಿದಿದ್ದರೆ ಅನಿಲಕ್ಕೆ ದಾರಿಯಿಲ್ಲ, ದ್ರವದಲ್ಲೇ ಕರಗುತ್ತದೆ. ಲೆಕ್ಕ ಹಾಕಿ ನೋಡಿ. ಫ್ರಾನ್ಸಿನ ಶಾಂಪೇನ್ ತಯಾರಕರು ಬಾಟಲಿಯೊಳಗಿನ ಹುದುಗಿಗೆಂದು ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಕುತ್ತಾರೆ. ಅಷ್ಟಕ್ಕೇ ಒತ್ತಡ ಹೊರಗಿನ ಗಾಳಿಯ ಆರು ಪಟ್ಟು ಏರುತ್ತದೆ. ಮನೆಯ ಈ ಪಾನೀಯದಲ್ಲಿ ಲೀಟರಿಗೆ 150 ಗ್ರಾಂ ಮೀರಿ ಸಕ್ಕರೆಯಿದೆ. ಯೀಸ್ಟ್ ಅದನ್ನೆಲ್ಲ ತಿಂದರೆ ಯಾವ ಗಾಜೂ ತಡೆಯದು. ಆದ್ದರಿಂದ ಬಲ್ಲವರು ಸೋಡಾದ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸುತ್ತಾರೆ. ದಿನಾ ಒಮ್ಮೆ ಹಿಸುಕಿ ನೋಡುತ್ತಾರೆ. ಬೆರಳಿಗೆ ಬಗ್ಗದಷ್ಟು ಬಿಗಿಯಾಗಿದ್ದರೆ ಮುಚ್ಚಳ ತುಸು ಸಡಿಲಿಸಿ ಬುಸ್ಸೆಂದು ಗಾಳಿ ಬಿಟ್ಟು ಮತ್ತೆ ತಿರುಗಿಸುತ್ತಾರೆ. ಹದ ಬಂದಮೇಲೆ ಫ್ರಿಜ್ಜಿಗೆ ಸೇರಿಸುತ್ತಾರೆ. ತಣ್ಣಗಾದಷ್ಟೂ ಯೀಸ್ಟಿನ ಕೆಲಸ ನಿಧಾನ.

ಒತ್ತಡ ತಡೆಯುವ ಗಾಜು ಸಿಕ್ಕಿದ್ದೂ ಇಂಗ್ಲೆಂಡಿನಲ್ಲೇ. ಸೌದೆಯ ಬದಲು ಕಲ್ಲಿದ್ದಲು ಉರಿಸಿದ ಕುಲುಮೆಗಳಿಂದ ಅಲ್ಲಿ ಗಟ್ಟಿ ಬಾಟಲಿಗಳು ಬಂದವು. ವೈನಿಗೆ ಸಕ್ಕರೆ, ಕಾಕಂಬಿ ಬೆರೆಸಿ ನೊರೆ ಬರಿಸುವ ಪದ್ಧತಿಯನ್ನು ಕ್ರಿಸ್ಟೊಫರ್ ಮೆರೆಟ್ 1662ರಲ್ಲೇ ರಾಯಲ್ ಸೊಸೈಟಿಗೆ ವಿವರಿಸಿದ್ದ. ನೂರು ವರ್ಷ ಕಳೆದು 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ, ಲೀಡ್ಸ್ ಊರಿನ ತನ್ನ ಮನೆ ಪಕ್ಕದ ಬಿಯರ್ ಭಟ್ಟಿಯಲ್ಲಿ ಹುದುಗುವ ತೊಟ್ಟಿಯ ಮೇಲೆ ನೀರಿಟ್ಟು ಅದೇ ಅನಿಲವನ್ನು ನೀರಿಗೆ ಹಿಡಿಸಿದ. ಸೋಡಾದ ಕಥೆ ಅಲ್ಲಿಂದ ಶುರು. 1872ರಲ್ಲಿ ಹೈರಮ್ ಕಾಡ್ ಪೇಟೆಂಟ್ ಪಡೆದ ಗೋಲಿ ಬಾಟಲಿ ನಮ್ಮ ಜಾತ್ರೆಗಳಿಗೂ ಬಂತು. ಆ ಸೋಡಾದಲ್ಲಿ ಅನಿಲ ಎಷ್ಟಿರಬೇಕೆಂದು ಯಂತ್ರ ತೀರ್ಮಾನಿಸುತ್ತದೆ. ಹೂವಿನ ಪಾನೀಯದಲ್ಲಿ ಹವೆ, ಸಕ್ಕರೆ, ಯೀಸ್ಟು ಸೇರಿ ತೀರ್ಮಾನಿಸುತ್ತವೆ. ಒಂದೇ ಪಾತ್ರೆಯಿಂದ ತುಂಬಿದ ಎರಡು ಬಾಟಲಿಗಳೂ ಒಂದೇ ಸಮ ಉಕ್ಕಬೇಕೆಂದಿಲ್ಲ. ನನಗೆ ಇದು ಹೆಚ್ಚು ಪ್ರಿಯವಾಗುವುದು ಆ ಕಾರಣಕ್ಕೇ.

ಬಿಗಿ ಬಾಟಲಿಯ ಗೊಡವೆ ಬೇಡ ಎನ್ನುವವರಿಗೆ ರೊಮೇನಿಯಾದ ಸೊಕಾಟಾ ಇದೆ. ಅದೇ ಹೂವು, ನಿಂಬೆ, ಸಕ್ಕರೆ ಅಥವಾ ಜೇನು. ಗಾಜಿನ ಜಾಡಿಗೆ ಬಟ್ಟೆ ಕಟ್ಟಿ ಬೆಚ್ಚಗಿನ ಜಾಗದಲ್ಲಿ ಎರಡು ಮೂರು ದಿನವಿಟ್ಟು, ಗುಳ್ಳೆ ಏಳತೊಡಗಿದ ಕೂಡಲೇ ಸೋಸಿ, ತಣ್ಣಗೆ ಮಾಡಿ ಕುಡಿದು ಮುಗಿಸುತ್ತಾರೆ.