ಮೆಣಸಿನಕಾಯಿಗೊಂದು ತಕ್ಕಡಿ, ಬಟಾಣಿಗೊಂದು ತಕ್ಕಡಿ

ಕುಂದಗೋಳ ತಾಲ್ಲೂಕಿನ ಗುಡಗೇರಿಯನ್ನು ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗದ ಒಂದು ಸಣ್ಣ ನಿಲ್ದಾಣವೆಂದಷ್ಟೇ ಬಲ್ಲವರು ಹೆಚ್ಚು. ಅದರ ಸುತ್ತಲಿನ ಎರೆಭೂಮಿಗೂ ವಿಶ್ವ ವ್ಯಾಪಾರ ಸಂಸ್ಥೆಗೂ ಏನು ಸಂಬಂಧವೆಂದು ಕೇಳುವವರು ಅಲ್ಲಿನ ಎರಡು ಬೆಳೆಗಳನ್ನು ಗಮನಿಸಿದರೆ ಸಾಕು. ಒಂದು ಬ್ಯಾಡಗಿ ಮೆಣಸಿನಕಾಯಿ. ಅದು ಪುಡಿಯಾಗಿ, ಬಣ್ಣದ ಸತ್ವವಾಗಿ ವಿದೇಶಗಳಿಗೆ ಹೋಗುತ್ತದೆ. ಇನ್ನೊಂದು ಹಿಂಗಾರಿನ ಕಡಲೆ. ಅದರ ಧಾರಣೆಯನ್ನು ವಿದೇಶಗಳಿಂದ ಬರುವ ಕಾಳು ಏರಿಳಿಸುತ್ತದೆ. ಹೋಗುವ ಸರಕಿಗೆ ಒಂದು ಅಳತೆ, ಬರುವ ಸರಕಿಗೆ ಇನ್ನೊಂದು ಅಳತೆ ಎಂಬುದು ನನ್ನ ತಕರಾರು.

ಮೊದಲು ಮೆಣಸಿನಕಾಯಿಯ ಮಾತು. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಕಾಯಿ ಯುರೋಪಿನ ಬಂದರಿನಲ್ಲಿ ಇಳಿಯಬೇಕಾದರೆ ಅದರಲ್ಲಿ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಕಿಲೊಗೆ 10 ಮೈಕ್ರೊಗ್ರಾಂ ಮೀರಿರಬಾರದು. ಕ್ಲೋರೊಪೈರಿಫಾಸ್ ಕೀಟನಾಶಕವನ್ನು ಯುರೋಪ್ 2020ರಲ್ಲಿ ಕೈಬಿಟ್ಟ ಮೇಲೆ ಅದರ ಶೇಷಾಂಶಕ್ಕೆ ಇಟ್ಟ ಮಿತಿ ಕಿಲೊಗೆ 0.01 ಮಿಲಿಗ್ರಾಂ. ಕಣದಲ್ಲಿ ಹರವಿದ ಕಾಯಿಯ ಮೇಲೆ ನಾಲ್ಕು ದಿನ ಇಬ್ಬನಿಯೋ ಅಕಾಲದ ಮಳೆಯೋ ಬಿದ್ದರೆ ಬೂಷ್ಟು ಹಿಡಿಯಲು ಹೆಚ್ಚು ಹೊತ್ತು ಬೇಡ. 2021ರಲ್ಲಿ ಆಗ್ನೇಯ ಏಷ್ಯಾ ಮೂಲದ ನುಸಿಯೊಂದು ದಕ್ಷಿಣ ರಾಜ್ಯಗಳ ಮೆಣಸಿನ ಹೊಲಗಳಿಗೆ ನುಗ್ಗಿದಾಗ ರೈತರು ಕೈಗೆ ಸಿಕ್ಕ ಔಷಧವನ್ನೆಲ್ಲ ಸಿಂಪಡಿಸಿದರು. ಇಷ್ಟಾದರೂ ಯುರೋಪಿನ ನಿಯಮವನ್ನು ಅನ್ಯಾಯವೆಂದು ನಾನು ಕರೆಯಲಾರೆ. ತಾನು ತಿನ್ನುವುದು ಹೇಗೆ ಬೆಳೆದು ಬಂತೆಂದು ಕೇಳುವುದು ತಿನ್ನುವವನ ಹಕ್ಕು. ಆ ಹಕ್ಕು ನಮಗೂ ಇದೆಯೇ ಎಂಬುದಷ್ಟೇ ಪ್ರಶ್ನೆ.

ಈಗ ಹಳದಿ ಬಟಾಣಿಯ ಕತೆ. 2017ರ ನವೆಂಬರಿನಲ್ಲಿ ಇದರ ಆಮದಿಗೆ ಕೇಂದ್ರ ಸರ್ಕಾರ ಶೇ 50ರಷ್ಟು ಸುಂಕ ವಿಧಿಸಿತ್ತು. 2023ರ ಡಿಸೆಂಬರಿನಲ್ಲಿ ಸುಂಕವನ್ನು ಪೂರ್ಣ ತೆಗೆದು, ಮತ್ತೆ ಮತ್ತೆ ವಾಯಿದೆಯನ್ನು ಮುಂದೂಡುತ್ತ ಹೋಗಿ, ಕೊನೆಗೆ 2025ರ ನವೆಂಬರ್ 1ರಿಂದ ಶೇ 30ರ ಸುಂಕ ಹಾಕಿತು. ನಡುವಿನ ಅವಧಿಯಲ್ಲಿ, 2024–25ರ ಒಂದೇ ವರ್ಷ, ಮುಖ್ಯವಾಗಿ ಕೆನಡಾ ಮತ್ತು ರಷ್ಯಾಗಳಿಂದ 20 ಲಕ್ಷ ಟನ್ನಿಗೂ ಮಿಕ್ಕ ಬಟಾಣಿ ಬಂದಿತು. ಅದೇ ವರ್ಷ ಎಲ್ಲ ಬೇಳೆಕಾಳುಗಳ ಆಮದು 70 ಲಕ್ಷ ಟನ್ ದಾಟಿತು. ಬಟಾಣಿಯನ್ನು ಬೀಸಿದರೆ ಕಡಲೆಹಿಟ್ಟಿನೊಂದಿಗೆ ಕಣ್ಣಿಗೆ ಗೊತ್ತಾಗದಂತೆ ಬೆರೆಯುತ್ತದೆ. ಹುಬ್ಬಳ್ಳಿಯ ಮಿರ್ಚಿಭಜಿಯ ಹಿಟ್ಟಿನಲ್ಲಿ ಕಡಲೆಯ ಪಾಲು ಎಷ್ಟೆಂದು ಭಜಿ ತಿನ್ನುವವರಿಗೆ ತಿಳಿಯುವುದಿಲ್ಲ, ಕಡಲೆ ಬೆಳೆದವನಿಗೆ ಮಾತ್ರ ಧಾರಣೆ ಕುಸಿದಾಗ ತಿಳಿಯುತ್ತದೆ.

ನಗರವಾಸಿಗಳಾದ ನಮಗೆ ಬೇಳೆ ಅಗ್ಗವಾಗುವುದು ಬೇಡವೇ? ಬೇಕು. 2015ರಲ್ಲಿ ತೊಗರಿಬೇಳೆ ಕಿಲೊಗೆ 200 ರೂಪಾಯಿಯ ಹತ್ತಿರ ಹೋದಾಗ ಬಡವರ ಸಾರು ನೀರಾದದ್ದನ್ನು ನಾವು ಕಂಡಿದ್ದೇವೆ. ಕೊರತೆಯ ವರ್ಷ ಹೊರಗಿನಿಂದ ಕಾಳು ತರಿಸುವುದರಲ್ಲಿ ಪಾಪವೇನೂ ಇಲ್ಲ. ಆದರೆ ತರಿಸುವಾಗ ಏನನ್ನು ಕೇಳುತ್ತೇವೆ?

ಕೆನಡಾದ ವಿಸ್ತಾರವಾದ ಹೊಲಗಳಲ್ಲಿ ಬಟಾಣಿಯನ್ನೂ ಮಸೂರವನ್ನೂ ಕೊಯ್ಲಿಗೆ ಮುನ್ನ ಗ್ಲೈಫೊಸೇಟ್ ಎಂಬ ಕಳೆನಾಶಕ ಸಿಂಪಡಿಸಿ ಹೊಲ ಹದಮಾಡಿಕೊಳ್ಳಲು ಅವಕಾಶವಿದೆ. ಚಳಿ ಬೇಗ ಬರುವ ನಾಡು. ಬಿಸಿಲಿಗೆ ಕಾಯುವಷ್ಟು ವ್ಯವಧಾನ ಅಲ್ಲಿಲ್ಲ. ಈ ರಾಸಾಯನಿಕ ಕ್ಯಾನ್ಸರಿಗೆ ಕಾರಣವಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿತು; ಅಮೆರಿಕದ ಮತ್ತು ಯುರೋಪಿನ ನಿಯಂತ್ರಕರು ಅದನ್ನು ಒಪ್ಪಿಲ್ಲ. ಆ ವಾದ ವಿಜ್ಞಾನಿಗಳ ನಡುವೆ ಮುಗಿಯಲಿ. ನನ್ನನ್ನು ಕಾಡುವುದು ಬೇರೆಯದು. ಭಾರತದಲ್ಲಿ ಗ್ಲೈಫೊಸೇಟಿಗೆ ಅನುಮತಿ ಇರುವುದು ಚಹಾ ತೋಟಗಳಿಗೆ ಮತ್ತು ಬೆಳೆಯಿಲ್ಲದ ಜಾಗಗಳಿಗೆ ಮಾತ್ರ. 2022ರಲ್ಲಿ ಅದರ ಬಳಕೆಯನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಗುಡಗೇರಿಯ ರೈತ ತನ್ನ ಕಡಲೆಗೆ ಅದನ್ನು ಹೊಡೆದರೆ ನಿಯಮಬಾಹಿರ. ಹೊರಗಿನಿಂದ ಬಂದ ಕಾಳಿಗೆ ಮಾತ್ರ, ನಮ್ಮಲ್ಲಿ ಪ್ರತ್ಯೇಕ ಮಿತಿಯಿಲ್ಲದ ಕಾರಣ, ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿಯನ್ನು ಅನುಸರಿಸುವಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸೂಚಿಸಿತು. ಒಣ ಬಟಾಣಿಗೆ ಆ ಮಿತಿ ಕಿಲೊಗೆ 5 ಮಿಲಿಗ್ರಾಂ. ನಮ್ಮ ಮೆಣಸಿನಕಾಯಿಯನ್ನು ತೂಗಿದ ಯುರೋಪ್ 2023ರಲ್ಲಿ ಗ್ಲೈಫೊಸೇಟಿಗೆ ಮತ್ತೆ ಹತ್ತು ವರ್ಷ ಪರವಾನಗಿ ಕೊಟ್ಟಿತಾದರೂ, ಕೊಯ್ಲಿಗೆ ಮುನ್ನ ಬೆಳೆ ಒಣಗಿಸಲು ಬಳಸುವುದನ್ನು ತನ್ನ ರೈತರಿಗೆ ನಿಷೇಧಿಸಿತು.

ಇನ್ನೊಂದು ವಿಚಿತ್ರ ನೋಡಿ. 2025ರ ಬೇಸಿಗೆಯಲ್ಲಿ ಮಧ್ಯಪ್ರದೇಶ ಸರ್ಕಾರ ತನ್ನ ರೈತರ ಹೆಸರುಕಾಳನ್ನು ಬೆಂಬಲ ಬೆಲೆಗೆ ಕೊಳ್ಳಲು ಹಿಂಜರಿಯಿತು. ಕೊಟ್ಟ ಕಾರಣ, ಕಾಳಿಗೆ ಕಳೆನಾಶಕದ ಬಳಕೆ ಮಿತಿಮೀರಿದೆ ಎಂಬುದು. ರೈತರು ಬೀದಿಗಿಳಿದ ಮೇಲೆ ಖರೀದಿಗೆ ಒಪ್ಪಿತು. ಕಾಳು ಹೇಗೆ ಬೆಳೆಯಿತೆಂಬ ಪ್ರಶ್ನೆ ನಮ್ಮ ಸರ್ಕಾರಗಳಿಗೆ ಹೊಳೆಯುವುದಿಲ್ಲವೆಂದಲ್ಲ. ಸ್ವಂತ ರೈತನೆದುರು ಹೊಳೆಯುವುದು ಹಡಗಿನೆದುರು ಹೊಳೆಯುವುದಿಲ್ಲ.

ಆಮದಿನ ಪರಿಸರ ವೆಚ್ಚವೆಂದರೆ ಹಡಗಿನ ಹೊಗೆ ಎಂದು ಭಾವಿಸುವವರಿದ್ದಾರೆ. ಅದು ಇಡೀ ಲೆಕ್ಕದಲ್ಲಿ ಸಣ್ಣ ಬಾಬ್ತು. ಸಾವಿರಾರು ಮೈಲಿ ಸಾಗಿದರೂ ಹಡಗಿನಲ್ಲಿ ಒಂದು ಟನ್ ಕಾಳಿಗೆ ತಗಲುವ ಇಂಧನ ಕಡಿಮೆಯೇ. ಉಳುಮೆಯಿಲ್ಲದೆ ಬೆಳೆಯುವ ಕೆನಡಾದ ರೈತ ಮಣ್ಣನ್ನು ಉಳಿಸುವ ಕೆಲಸವನ್ನೂ ಮಾಡುತ್ತಾನೆ ಎಂಬುದನ್ನು ಒಪ್ಪಬೇಕು. ನಷ್ಟದ ಬಹುಪಾಲು ಇರುವುದು ಈ ಕಡೆಯ ಹೊಲದಲ್ಲಿ. ಕಡಲೆ ಎರೆಭೂಮಿಯೊಳಗೆ ಉಳಿದ ಮಳೆಯ ತೇವದಲ್ಲಿ, ಚಳಿಗಾಲದ ಇಬ್ಬನಿಯಲ್ಲಿ, ಬಾವಿಯ ನೀರು ಕೇಳದೆ ಬೆಳೆಯುತ್ತದೆ. ಮುಂಗಾರಿನ ಹೆಸರಿನಂತೆ ಅದೂ ಬೇರುಗಂಟುಗಳಲ್ಲಿ ಸಾರಜನಕ ಹಿಡಿದು ಮುಂದಿನ ಬೆಳೆಗೆ ಬಿಟ್ಟುಹೋಗುತ್ತದೆ. ಇದೇ ಜಿಲ್ಲೆಯ ಅಣ್ಣಿಗೇರಿಯ ಹೆಸರು ಹೊತ್ತ ‘ಅಣ್ಣಿಗೇರಿ–1’ ತಳಿ ಈ ಸೀಮೆಯಲ್ಲಿ ಮನೆಮಾತಾದದ್ದು ಸುಮ್ಮನೆ ಅಲ್ಲ. ಕಾಳಿಗೆ ಬೆಲೆಯಿಲ್ಲವೆಂದು ರೈತ ಬೇಸತ್ತರೆ ಹಿಡಿಯುವ ದಾರಿ ಯೂರಿಯಾ ಬೇಡುವ ಗೋವಿನಜೋಳದ್ದು. ಆ ದಾರಿಯೂ ಸುಖದ್ದಲ್ಲ: 2025ರ ನವೆಂಬರಿನಲ್ಲಿ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆಯ ಗೋವಿನಜೋಳ ಪೇಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಬಿದ್ದು, ನೆರೆಯ ಲಕ್ಷ್ಮೇಶ್ವರದಲ್ಲಿ ರೈತರು ಖರೀದಿ ಕೇಂದ್ರಕ್ಕಾಗಿ ಧರಣಿ ಕೂರಬೇಕಾಯಿತು.

ಹಾಗಿದ್ದರೆ ದೆಹಲಿ ಏಕೆ ಕೇಳುವುದಿಲ್ಲ? ಉತ್ತರ ಹಳೆಯದು. ಕಡಲಾಮೆಗಳು ಬಲೆಗೆ ಸಿಕ್ಕದಂತೆ ತಡೆಯುವ ಸಾಧನವಿಲ್ಲದೆ ಹಿಡಿದ ಸಿಗಡಿಯನ್ನು ಅಮೆರಿಕ ತಡೆದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ ಮತ್ತು ಥಾಯ್ಲೆಂಡ್ ಒಟ್ಟಾಗಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಹೂಡಿದವು. 1998ರ ತೀರ್ಪು ಅಮೆರಿಕದ ತಾರತಮ್ಯವನ್ನು ಖಂಡಿಸಿತು. ಆದರೆ ಪರಿಸರ ರಕ್ಷಣೆಗಾಗಿ ಇಂಥ ಕ್ರಮ ಕೈಗೊಳ್ಳುವುದೇ ತಪ್ಪೆಂದು ಹೇಳಲಿಲ್ಲ. ಭಾರತ ಮಾತ್ರ ಅಂದಿನಿಂದಲೂ ಉತ್ಪಾದನಾ ವಿಧಾನದ ಪ್ರಶ್ನೆಯನ್ನು ಶ್ರೀಮಂತ ರಾಷ್ಟ್ರಗಳ ಸುಂಕೇತರ ಅಡ್ಡಿಯೆಂದೇ ನೋಡುತ್ತ ಬಂದಿದೆ. ಆ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಆದರೆ ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ಕೊಳ್ಳುವ ದೇಶ ಇಂಡೊನೇಷ್ಯಾದ ಕಾಡಿನ ಬಗ್ಗೆ ಒಂದು ಮಾತನ್ನೂ ಕೇಳದಿರುವಾಗ, ಗುಡಗೇರಿಯಂಥ ಊರುಗಳ ಹೊಲದ ಅಂಚಿನಲ್ಲಿ ಮುಳ್ಳುಬೇಲಿಯಂತೆ ನಿಲ್ಲುತ್ತಿದ್ದ ಕುಸುಬೆಯ ಸಾಲು ಮಾಯವಾಗುತ್ತಿರುವಾಗ, ಈ ನಿಲುವಿನ ಲಾಭ ಯಾರಿಗೆಂದು ಕೇಳಬೇಕಾಗುತ್ತದೆ.

ಸುಂಕವನ್ನು ತಿಂಗಳಿಗೊಮ್ಮೆ ಏರಿಸಿ ಇಳಿಸುವ ಆಟಕ್ಕಿಂತ ಸರಳವಾದ ದಾರಿಯೊಂದು ನನಗೆ ಕಾಣುತ್ತದೆ. ನಮ್ಮ ರೈತನಿಗೆ ನಿಷೇಧಿಸಿದ ವಿಧಾನದಲ್ಲಿ ಬೆಳೆದ ಕಾಳು ನಮ್ಮ ಬಂದರಿಗೆ ಬೇಡವೆಂದು ಸರ್ಕಾರ ಮುಂಚಿತವಾಗಿ, ಎಲ್ಲ ದೇಶಗಳಿಗೂ ಒಂದೇ ರೀತಿ, ಸಾರಲಿ. 1998ರ ತೀರ್ಪು ಕೇಳಿದ್ದೂ ಈ ಸಮಾನತೆಯನ್ನೇ. ಹಡಗಿನಿಂದ ತೆಗೆದ ಮಾದರಿಯ ಪರೀಕ್ಷಾ ಫಲಿತಾಂಶವನ್ನು ಪ್ರಕಟಿಸಲಿ. ಮಿಲ್ಲಿನಲ್ಲಿ ಬೇಳೆಯಾಗಿ ಚೀಲ ಬದಲಾದ ಮೇಲೆಯೂ ಕಾಳು ಯಾವ ದೇಶದ್ದೆಂಬ ಬರಹ ಪೊಟ್ಟಣದ ಮೇಲೆ ಉಳಿಯಲಿ. ಕಿಲೊಗೆ ಎರಡು ರೂಪಾಯಿ ಹೆಚ್ಚು ಕೊಟ್ಟು ಗುಡಗೇರಿಯ ಕಡಲೆಯನ್ನು ಕೊಳ್ಳುವೆವೋ ಇಲ್ಲವೋ ಎಂಬುದನ್ನು ನಾವು ಆಗ ನಿರ್ಧರಿಸಬಹುದು.