ಮದವಿಗೆ ಬಂದವರು ಮದವಿ ಮರುದಿನಾನೂ ಇರ್ರಿ

ತವರಮನಿ ಮದವಿಗೆ ಎಷ್ಟು ದಿನ ಮೊದಲ ಹೋಗಬೇಕು ಅಂತ ಎಲ್ಲಾರೂ ಕೇಳತಾರ. ಮುಗದ ಮ್ಯಾಲೆ ಎಷ್ಟು ದಿನ ಇರಬೇಕು ಅಂತ ಯಾರೂ ಕೇಳೂದಿಲ್ಲ. ನನ್ನ ಕೇಳಿದ್ರ, ಕೈಯಾಗ ನಾಕ ದಿನ ಇದ್ರ ಎರಡು ಮೊದಲಿಗೆ ಇಟಗೋರಿ, ಎರಡು ಹಿಂದಕ್ಕ ಇಟಗೋರಿ. ಚಳಿಗಾಲದ ಮದವಿ ಆದ್ರಂತೂ ಈ ಮಾತು ಇನ್ನೂ ಗಟ್ಟಿ. ಯಾಕಂತ ಹೇಳತೇನಿ, ಚಾ ಇಟಗೊಂಡು ಕುಂತು ಓದ್ರಿ.

ಮೊನ್ನೆ ಮಾಘದಾಗ ನಮ್ಮ ಸಣ್ಣ ತಮ್ಮನ ಮದವಿ ಆತು. ಅವಗ ನಲವತ್ತೊಂದು. ಹುನಗುಂದ ತಾಲೂಕಿನ್ಯಾಗ ಎರಿ ಹೊಲ ಐತಿ, ಸ್ವಂತ ಮನಿ ಐತಿ, ಅಡಕಿ ಚಟಾನೂ ಇಲ್ಲ. ಆದ್ರೂ ಎಂಟು ವರ್ಷ ಹೆಣ್ಣು ಸಿಗಲಿಲ್ಲ. "ಒಕ್ಕಲತನ ಮಾಡೋ ಹುಡುಗಗ ಕೊಡೂದಿಲ್ರಿ" ಅಂದವರ ಹೆಸರು ಬರದಿಟ್ಟಿದ್ರ ಒಂದು ವಹಿ ತುಂಬತಿತ್ತು. 2023ರಾಗ ಮಂಡ್ಯ ಕಡೆ ಹುಡುಗರು ಹೆಣ್ಣು ಸಿಗಲಿ ಅಂತ ಮಾದೇಶ್ವರ ಬೆಟ್ಟಕ್ಕ ಪಾದಯಾತ್ರಿ ಹೋಗಿದ್ದು ಟಿವ್ಯಾಗ ಬಂದಾಗ ಓಣ್ಯಾಗಿನ ಮಂದಿ ಎಲ್ಲಾ ನಕ್ರು. ನಮ್ಮವ್ವ ನಗಲಿಲ್ಲ. ಆಕಿಗೆ ಈಗ ಎಪ್ಪತ್ತೆಂಟು.

ನಮ್ಮ ಕಡೆ ಮದವಿ ಅಂದ್ರ ಬ್ಯಾಸಿಗ್ಯಾಗ. ಸಾಲಿ ಸೂಟಿ ಇರ್ತೈತಿ, ರಾಶಿ ಮುಗದಿರ್ತೈತಿ, ಮಾಳಗಿ ಮ್ಯಾಲೆ ಜಮಖಾನ ಹಾಸಿದ್ರ ಐವತ್ತು ಮಂದಿ ಮಲಗತಾರ. ಈ ಹುಡುಗಗ ಹೆಣ್ಣು ಗೊತ್ತಾಗಿದ್ದು ದೀಪಾವಳಿ ಆದ ಮ್ಯಾಲೆ. ತುಳಸಿ ಲಗ್ನ ಮುಗದ ಕೂಡಲೆ ಮಾಡೂನಂದ್ರ ದಿನಾನೂ ಇರಲಿಲ್ಲ, ರೊಕ್ಕಾನೂ ಇರಲಿಲ್ಲ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹತ್ತಿತಂದ್ರ ಸಂಕ್ರಾಂತಿ ತನಕ ನಮ್ಮ ಮಂದಿ ಯಾರೂ ಅಕ್ಕಿಕಾಳ ಹಾಕೂದಿಲ್ಲ. ಸಂಕ್ರಾಂತಿ ದಾಟಿದ್ರೂ ಪುಷ್ಯ ಉಳದಿರ್ತೈತಿ, ಅವರಾತ್ರಿ ಅಮವಾಸಿ ಮುಗೀಬೇಕು. ಬಸವ ಜಯಂತಿ ತನಕ ಕಾಯೂನು ಅಂತ ಅಣ್ಣ ಅಂದ. ಅವ್ವ ಒಪ್ಪಲಿಲ್ಲ. ಎಂಟು ವರ್ಷ ಕಾಯ್ದಾಕಿಗೆ ಇನ್ನ ಮೂರು ತಿಂಗಳು ಅಂದ್ರ ಎದಿ ಡವಡವ. ಹಿಂಗಾಗಿ ಮಾಘಕ್ಕ ಬಂತು. ತೊಗರಿ ರಾಶಿ ಆಗಿ ಎರಡು ರೂಪಾಯಿ ಕೈಗೆ ಬಂದಿತ್ತು, ಬಿಳಿಜ್ವಾಳ ಇನ್ನೂ ಹೊಲದಾಗ ನಿಂತಿತ್ತು, ನಡುವ ಸಿಕ್ಕ ಸಂದ್ಯಾಗ ಮದವಿ.

ನಾ ಹದಿನೈದು ದಿನ ಮೊದಲ ಹೊಂಟೇನಿ ಅಂದಾಗ ನಮ್ಮ ಬಾಜೂ ಮನಿ ಅಕ್ಕಾರು ಅಂದ್ರು, "ಈಗ ಅಡಗಿ ಗುತ್ತಿಗಿ ಕೊಡತಾರ, ಹಂದರ ಗುತ್ತಿಗಿ, ಫೋಟೋದವರು ಬ್ಯಾರೆ. ನೀವು ಹೋಗಿ ಏನ ಮಾಡತೀರಿ? ನಾಕ ಮಂದಿ ಹೋಗಿ ಉಂಡು ಅವರಿಗೇ ಭಾರ ಆಗೂದು." ಅವರ ಮಾತನ್ಯಾಗ ಅರ್ಧ ಖರೆ ಐತಿ. ಉಂಡು ಭಾರ ಆಗವರು ಭಾಳ ಮಂದಿ ಅದಾರ. ಆದ್ರ ಗುತ್ತಿಗಿ ಅಡಗಿಯವರು ಬರೂದು ಹಿಂದಿನ ದಿನ ಸಂಜೀಕ, ಹೋಗೂದು ಮದವಿ ದಿನ ಸಂಜೀಕ. ಅದಕ್ಕ ಮೊದಲಿನ ಹತ್ತು ದಿನ, ಬಂದವರಿಗೆಲ್ಲಾ ಚಾ, ಉಪ್ಪಿಟ್ಟು, ರೊಟ್ಟಿ, ಬಿಸಿನೀರು ಯಾರು ನೋಡತಾರ? ಮನಿ ಸೊಸಿ ನೋಡತಾಳ. ನಮ್ಮ ತವರಮನ್ಯಾಗ ಆಕಿ ಅಂದ್ರ ನಮ್ಮ ವೈನಿ.

ವೈನಿ ಈ ಮನಿಗೆ ಬಂದು ಇಪ್ಪತ್ತೆಂಟು ವರ್ಷ. ನನ್ನ ತಂಗೇರಿಬ್ಬರ ಮದವಿ ಅವರ ಕೈ ಮ್ಯಾಲೆ ಆದವು, ಅಪ್ಪನ ದಿನಕರ್ಮ ಅವರ ಕೈ ಮ್ಯಾಲೆ ಆತು. ತಂಗಿ ಮದವ್ಯಾಗ ನಮ್ಮ ಸೋದರತ್ತೇರು ಮೂವರು ಸಂಸಾರ ಸಮೇತ ವಾರ ಮೊದಲ ಬಂದು ಪಡಸಾಲ್ಯಾಗ ಕುಂತು, "ನಾವು ಮನಿ ಮಗಳು, ನಮಗ ಮೊದಲ ನೀರು ಕಾಸು" ಅಂತಿದ್ರು. ವೈನಿ ಕಂಕುಳಾಗ ಕೂಸು ಇಟಗೊಂಡು ಹಂಡೇಕ್ಕ ಉರಿ ಹಾಕತಿದ್ರು. ಆಗ ಅದು ಯಾರಿಗೂ ತಪ್ಪು ಅನಸತಿದ್ದಿಲ್ಲ. ನನಗ ಅನಸತೈತಿ. ಮನಿ ಮಗಳು ಅಂತ ಬಂದಾಕಿ ಬೀಗರ ಹಂಗ ಕುಂದರಬಾರದು. ಬೀಗರಿಗೆ ಒಂದ ದಿನದ ಉಪಚಾರ, ಆಕಿದು ಹತ್ತು ದಿನದ್ದು.

ಹೋಗೂದು ಅಂದ್ರ ಎಲ್ಲಾರೂ ಒಮ್ಮೆ ಹೋಗೂದಲ್ಲ. ಮೊದಲ ನಾನೊಬ್ಬಾಕಿ ಹೋಗಿ ರೊಟ್ಟಿ ಕೆಲಸಕ್ಕ ಸೇರಿದ್ನಿ. ಎರಡು ಸಾವಿರ ರೊಟ್ಟಿ ಬೇಕಾಗಿದ್ವು. ಕಿಲೋಕ್ಕ ಹದಿನಾರು ಹಿಡದ್ರೂ 125 ಕಿಲೋ ಹಿಟ್ಟು. ಜ್ವಾಳದ ಹಿಟ್ಟು ಬೀಸಿ ಭಾಳ ದಿನ ಇಟ್ರ ಜಿಗಿ ಹೋಗಿ ರೊಟ್ಟಿ ಹರೀತಾವು, ಅದಕ್ಕ ಎರಡು ದಿನಕ್ಕೊಮ್ಮೆ ಬೀಸಿಸಿ ಓಣಿಗೆ ಹಂಚಿದ್ವಿ. ಒಂದೊಂದು ಮನ್ಯಾಗ ಒಂದೊಂದು ದಿನ ಒಲಿ ಹತ್ತಿತು. ಚಳ್ಯಾಗ ರೊಟ್ಟಿ ಕಟಕ ಆಗೂದು ತಡ, ರಾತ್ರಿ ಇಬ್ಬನಿ ಹವಾ ಬಡದ್ರ ಮತ್ತ ಮೆತ್ತಗ ಆಗತಾವು. ಬುಟ್ಟ್ಯಾಗ ಹಾಕಿ ಧೋತರದ ಅರಿವಿ ಮುಚ್ಚಿ ಒಲಿ ಬಾಜೂಕ ಇಟ್ವಿ. ಹಪ್ಪಳ, ಸಂಡಿಗಿ, ಶ್ಯಾವಿಗಿ ಬ್ಯಾಸಿಗಿ ಬಿಸಲಿನ ಕೆಲಸ, ಜನವರ್ಯಾಗ ಎಲ್ಲಿಂದ ಮಾಡೂದು? ಅಕ್ಕತಂಗೇರು ನಾವು ಮೂವರು ನಮ್ಮ ನಮ್ಮ ಡಬ್ಬಿ ಬಳದು ತಂದ್ವಿ. ಗುರೆಳ್ಳ ಹಿಂಡಿ, ಅಗಸಿ ಹಿಂಡಿ ಧಾರವಾಡದಾಗ ಕುಟ್ಟಿಸಿದ್ದು. ನಮ್ಮ ಕೈ ಅಂತೂ ಆ ಥಂಡಿಗೆ, ಆ ಹಿಟ್ಟಿಗೆ ಒಡದು ಭೂಮಿ ಬಿರಿಕಿನಂಗ ಆಗಿದ್ವು. ಕೊಬ್ಬರಿ ಎಣ್ಣಿನೂ ಗಟ್ಟಿ ಆಗಿ ಬಾಟ್ಲಿ ಒಲಿ ಮುಂದ ಹಿಡೀಬೇಕಾಗಿತ್ತು.

ಆಮ್ಯಾಲೆ ಮದವಿಗೆ ನಾಕ ದಿನ ಇದ್ದಾಗ ನಮ್ಮನಿಯವರು, ಮಗ, ಮಗಳು ಬಂದ್ರು. ಬಾಡಗಿ ಗಾಡಿ ಮಾಡತೇನಿ ಅಂದಿದ್ರು ನಮ್ಮನಿಯವರು. ನಾ ಫೋನಿನ್ಯಾಗ ಬ್ಯಾಡಂದ್ನಿ. ಆ ರೊಕ್ಕದಾಗ ಆರು ರಗ್ಗು ಬರತಾವ, ಅವನ್ನ ತೊಗೊಂಡು ಬಸ್ಸಿಗೆ ಬರ್ರಿ ಅಂದ್ನಿ. ಯಾಕಂದ್ರ ಚಳಿಗಾಲದ ಮದವ್ಯಾಗ ಅಡಗಿಗಿಂತ ದೊಡ್ಡ ಚಿಂತಿ ಹಾಸಿಗಿದು. ಊರ ಮಂದಿ ಬ್ಯಾಸಿಗ್ಯಾಗ ಚಾಪಿ ಕೊಡತಾರ, ಚಳ್ಯಾಗ ಕೌದಿ ಕೊಟ್ರ ತಾವು ಏನ ಹೊಚ್ಚಕೋಬೇಕು? ಹಿಂಗಾಗಿ ಮೂರೂ ಮಂದಿ ರಗ್ಗಿನ ಗಂಟು, ಕೌದಿ ಗಂಟು ಹೊತಗೊಂಡು ಹುಬ್ಬಳ್ಳಿಗೆ ಬಂದು, ಗದಗ, ಗಜೇಂದ್ರಗಡದ ಮ್ಯಾಲೆ ಇಳಕಲ್ಲಿಗೆ ಬಂದ್ರು. ಕಂಡಕ್ಟರ್ "ಮನಿ ಖಾಲಿ ಮಾಡಿ ಹೊಂಟೀರೇನ್ರಿ?" ಅಂದನಂತ. 2023ರ ಜೂನ್ 11ರಿಂದ ಶಕ್ತಿ ಯೋಜನಾ ಬಂದ ಮ್ಯಾಲೆ ನಮ್ಮ ರಾಜ್ಯದಾಗ ಹೆಣ್ಣಮಕ್ಕಳಿಗೆ ಕೆಂಪು ಬಸ್ಸಿಗೆ ರೊಕ್ಕ ಇಲ್ಲ, ಆಧಾರ್ ತೋರಸಿದ್ರ ಸಾಕು. ಗಂಡಮಕ್ಕಳು ಟಿಕೀಟ ತೊಗೋಬೇಕು, ತೊಗೊಳ್ಳಿ ಬಿಡ್ರಿ. ಮೊದಲ ತವರಿಗೆ ಹೋಗಬೇಕಂದ್ರ ಬಸ್ಸಿನ ರೊಕ್ಕ ಗಂಡನ ಕೈಯಾಗ ಇರ್ತಿತ್ತು, ಯಾವಾಗ ಹೋಗೂದು ಅನ್ನೂದೂ ಅವರ ಕೈಯಾಗ ಇರ್ತಿತ್ತು. ಈಗ ನಾ ಹದಿನೈದು ದಿನ ಮೊದಲ ಹೋಗೂ ಮಾತಿಗೆ ಮನ್ಯಾಗ ಜಗಳ ಆಗಲಿಲ್ಲ, ಅದಕ್ಕ ಇದೂ ಒಂದು ಕಾರಣ ಐತಿ.

ಗಂಡಮಕ್ಕಳ ಮಾತು ಬಂತಲ್ಲ, ಹೇಳೇ ಬಿಡತೇನಿ. ಅಳಿಯಂದ್ರನ್ನ ಕಟ್ಟಿ ಮ್ಯಾಲೆ ಕುಂದರಸಿ ಪೇಪರ್ ಕೊಟ್ಟು ಚಾ ಕೊಟ್ಟು ಸಾಕೂ ಪದ್ಧತಿ ಸಾಕಿನ್ನ. ನಮ್ಮನಿಯವರು ರಿಟಾಯರ್ ಆದವರು, ನಸಿಕಿನ್ಯಾಗ ನಾಕಕ್ಕ ಎಚ್ಚರ ಆಗತೈತಿ ಅವರಿಗೆ. ಹಂಡೇದ ಉರಿ ನೀವ ನೋಡ್ರಿ ಅಂದ್ನಿ. ಅವ್ವಗ ನಾಚಿಕಿ, "ಅಳಿಯನ ಕೈಲೆ ನೀರ ಕಾಸಸತೀಯೇನ ನಮ್ಮವ್ವಾ" ಅಂತ ಹಣಿ ಬಡಕೊಂಡ್ಲು. ಧಾರವಾಡದಾಗ ದಿನಾ ಗೀಜರ್ ಬಟನ್ ಒತ್ತವರು ಅವರೇ ಅವ್ವಾ, ಇಲ್ಲಿ ಕಟಗಿ ಹಾಕತಾರ ಅಷ್ಟ ಅಂದ್ನಿ. ಸುರಗಿ ದಿನ ಹೊತ್ತು ಹೊಂಡೂಕಿಂತ ಮೊದಲ ನಾಕೂ ಮೂಲಿಗೆ ತಂಬಿಗಿ ಇಟ್ಟು ನೂಲು ಸುತ್ತಿ ತಮ್ಮನ್ನ ಕುಂದರಸಿದಾಗ, ಆ ಥಂಡ್ಯಾಗ ನೀರು ಸುಡುಸುಡು ಇತ್ತು. ಅವ ನಕ್ಕೋತ, "ಮಾಮಾರ ನೀರು ಭಾರಿ ಕಾಸ್ಯಾರ" ಅಂದ. ನಮ್ಮನಿಯವರು ಮದವಿ ಫೋಟೋ ಎಲ್ಲಾ ಬಿಟ್ಟು ಈ ಒಂದು ಮಾತು ಎಲ್ಲಾರ ಮುಂದೂ ಹೇಳತಾರ ಈಗ.

ಮಗಳು ಮಾಡಿದ ಕೆಲಸ ಬ್ಯಾರೆ. ವೈನಿ ಸಣ್ಣ ಮಗ ಪಿಯುಸಿ ಎರಡನೇ ವರ್ಷ, ಪರೀಕ್ಷಾ ತಿಂಗಳೊಳಗ ಇತ್ತು. ಬ್ಯಾಸಿಗಿ ಮದವಿ ಆಗಿದ್ರ ಈ ತೊಂದರಿ ಇರ್ತಿದ್ದಿಲ್ಲ. ಆ ಹುಡುಗ ಮಂದಿ ನಡುವ ಪುಸ್ತಕ ಹಿಡಕೊಂಡು ಮೂಲಿ ಹುಡಕೋತ ತಿರಗತಿದ್ದ. ಮಗಳು ಹಿಂದಿನ ಓಣಿ ಮಾಸ್ತರ ಮನ್ಯಾಗ ಒಂದು ಖೋಲಿ ಕೇಳಿ, ಅವನ ಊಟ ಅಲ್ಲಿಗೆ ಒಯ್ದು ಕೊಟ್ಟು, ಸಂಜೀಕ ಪಾಠ ಒಪ್ಪಿಸಿಕೊಂಡ್ಲು. ಕಾಕಾನ ಮದವ್ಯಾಗ ಅವ ಅಕ್ಕಿಕಾಳಿಗೆ ಬಂದ, ಉಂಡ, ಮತ್ತ ಓದಾಕ ಹೋದ. ವೈನಿ ನನಗ ಸೀರಿ ಉಡಸಿದ್ರು, ಚೊಲೋ ಇಳಕಲ್ ಸೀರಿ. ಆದ್ರ ನನ್ನ ಮಗಳ ಕೈ ಹಿಡದು ಅವರು ಕಣ್ಣೀರ ತಗದ್ರು, ಆ ಕೆಲಸಕ್ಕ.

ಮದವಿ ಚೊಲೋ ಆತು. ಅದರ ಬಗ್ಗೆ ಬರಿಯೂದೇನೂ ಇಲ್ಲ, ಎಲ್ಲಾ ಮದವಿ ಹಂಗ ಇತ್ತು. ಗುಡಿ ಮುಂದಿನ ಸಮುದಾಯ ಭವನ, ಸೌಂಡ್ ಜೋರ. ಬಾಗಿಲ ತಡದು ಹೆಸರ ಹೇಳಸೂವಾಗ ಹುಡುಗಿ ನಾಚಕೊಳ್ಳದ ಒಡಪ ಹಾಕಿ ಹೇಳಿದ್ಲು. ಆಕಿಗೂ ಮೂವತ್ತಾರು, ನಾಚೂ ವಯಸ್ಸಲ್ಲ. ಬಂಗಾರ ತೊಲಿಗೆ ಲಕ್ಷ ದಾಟಿ ಹೋಗೇತಿ, ಇದ್ದದ್ದರಾಗ ಮಾಡಿದ್ವಿ.

ಅವತ್ತ ರಾತ್ರಿ ಒಂಬತ್ತಕ್ಕ ಮನಿ ಖಾಲಿ. ಬೆಂಗಳೂರ ಬಸ್ಸು, ಪುಣೆ ಬಸ್ಸು ಅಂತ ಎಲ್ಲಾರೂ ಚೀಲ ಹಿಡದು ಹೊಂಟ್ರು. ಕಾಲ ಬಿದ್ದು, "ಚೊಲೋ ಆತು, ಸುಸೂತ್ರ ಆತು" ಅಂದು ಹೋದ್ರು. ಮರುದಿನ ಮುಂಜಾನೆ ಪಡಸಾಲ್ಯಾಗ ಏನಿತ್ತು ಗೊತ್ತೇನು? ಅರವತ್ತು ಹಾಸಿಗಿ, ಅರ್ಧ ಇಬ್ಬನಿಗೆ ತೊಯ್ದಿದ್ದು, ಒಂದರಡು ಸಣ್ಣ ಕೂಸುಗೋಳು ತೋಯಿಸಿದ್ದು. ಓಣಿಯಿಂದ ತಂದ ಕೊಳಗ, ಬಕೀಟು, ಪರಾತ. ಉಳದ ಬೂಂದಿ, ಹಳಸೂಕ ಬಂದ ಅನ್ನ. ಹಾಲಿನವ, ಹಂದರದವ, ಹೂವಿನಾಕಿ ಲೆಕ್ಕಕ್ಕ ಬಂದು ಬಾಗಿಲಾಗ ನಿಂತಿದ್ರು. ವೈನಿಗೆ ದನಿ ಹೊಂಟಿದ್ದಿಲ್ಲ, ಜ್ವರ. ಅವ್ವ ಗ್ವಾಡಿಗೆ ಆತು ಕುಂತಿದ್ಲು. ಪದ್ಧತಿ ಪ್ರಕಾರ ಆಗಿದ್ರ ಆ ಹೊತ್ತಿನ್ಯಾಗ ಆ ಮನ್ಯಾಗ ಒಬ್ಬ ಜ್ವರದಾಕಿ, ಒಬ್ಬ ಮುದುಕಿ, ಒಬ್ಬ ಹೊಸ ಸೊಸಿ, ಇಷ್ಟ ಮಂದಿ ಉಳೀತಿದ್ರು. ಚಾಪುಡಿ ಡಬ್ಬಿ ಎಲ್ಲೈತಿ ಅನ್ನೂದೂ ಆ ಹುಡುಗಿಗೆ ಗೊತ್ತಿಲ್ಲ.

ನಾವು ಉಳದಿದ್ವಿ. ನಾ ಪಿಯುಸಿ ಓದಿದಾಕಿ ಅಂತ ಲೆಕ್ಕದ ವಹಿ ನನಗ ಬಂತು, ಯಾರು ಎಷ್ಟು ಮುಯ್ಯಿ ಮಾಡ್ಯಾರ, ಯಾರಿಗೆ ಎಷ್ಟು ಕೊಡೂದೈತಿ ಅಂತ ಬರದೆ. ಮಗಳು, ಹೊಸ ಸೊಸಿ ಇಬ್ಬರೂ ಮಾಳಗಿ ಮ್ಯಾಲೆ ಕೌದಿ ಬಿಸಲಿಗೆ ಹರವಿದ್ರು. ಚಳ್ಯಾಗ ತೊಯ್ದ ಕೌದಿ ಹಂಗ ಮಡಚಿ ಇಟ್ರ ವಾರದಾಗ ಮುಗ್ಗಸ ಹಿಡೀತಾವು. ಕೌದಿ ಮಡಚೂವಾಗ ಆ ಹುಡುಗಿ ಸುಮ್ಮನ ಅಂದ್ಲಂತ, "ನಮ್ಮನ್ಯಾಗ ಇವತ್ತ ನಮ್ಮವ್ವ ಒಬ್ಬಾಕೆ ಇದ್ದಾಳ್ರಿ. ಅಕ್ಕಾರಿಬ್ಬರೂ ರಾತ್ರಿ ಬಸ್ಸಿಗೆ ಹೋದ್ರು."

ಆಕಿ ಏನೂ ಕೇಳಲಿಲ್ಲ, ಬರೇ ಅಂದ್ಲು. ಮೂವತ್ತಾರು ವರ್ಷ ಆ ಮನಿ ಕೆಲಸ ಮಾಡಿದ ಕೈ ಇಲ್ಲಿ ನಮ್ಮ ಕೌದಿ ಮಡಚಾಕ ಹತ್ತಿತ್ತು. ನಾ ಮಗನ್ನ, ಸಣ್ಣ ತಂಗಿ ಗಂಡನ್ನ ಗಾಡಿ ಮ್ಯಾಲೆ ಕಳಿಸಿದ್ನಿ, ಇಪ್ಪತ್ತು ಕಿಲೋಮೀಟರ ದಾರಿ. "ಬೀಗರ ಮನಿಗೆ ಹೋಗಿ ಭಾಂಡಿ ಎತ್ತೂದೇನು, ಗಂಡಿನ ಕಡೆಯವರು ನಾವು!" ಅಂತ ನಮ್ಮ ಕಾಕು ಮಾರಿ ಗಂಟ ಹಾಕಿದ್ಲು. ಹಾಕಲಿ. ಅವರಿಬ್ಬರೂ ಹೋಗಿ ಹಾಸಿಗಿ ಕೊಟ್ಟು ಬಂದ್ರು, ಕಡಾ ತಂದ ಕುರ್ಚಿ ಸಾಲಿಗೆ ಮುಟ್ಟಿಸಿದ್ರು, ಆ ಅವ್ವ ಮಾಡಿದ ಝುಣಕದ ವಡಿ ಉಂಡು ಡಬ್ಬಿ ತುಂಬ ಕಟ್ಟಿಸಿಕೊಂಡು ಬಂದ್ರು. ಡಬ್ಬಿ ನೋಡಿ ಹೊಸ ಸೊಸಿ ಅಡಗಿ ಮನ್ಯಾಗ ಹೋಗಿ ಸ್ವಲ್ಪ ಹೊತ್ತು ಹೊರಗ ಬರಲಿಲ್ಲ.

ಎಲ್ಲಾರಿಗೂ ರಜಾ ಸಿಗೂದಿಲ್ಲ, ನನಗೂ ಗೊತ್ತೈತಿ. ಫೆಬ್ರವರಿ ಅಂದ್ರ ಸಾಲಿ ಬಾಯೇರಿಗೆ ಪರೀಕ್ಷಾ ಕೆಲಸ, ಕಾರಖಾನಿಯವರಿಗೆ ಒಂದ ದಿನ ಹೆಚ್ಚಾದ್ರ ಪಗಾರ ಕಟ್. ಹಂಗಿದ್ರ ಸಂಸಾರದಾಗ ಒಬ್ಬರನ್ನರೆ ಬಿಟ್ಟು ಹೋಗ್ರಿ, ಮಗನ್ನ ಬಿಟ್ಟರೂ ನಡೀತೈತಿ. ಇರಾಕ ಜಾಗಾ ಇಲ್ಲದ ಸಣ್ಣ ಮನ್ಯಾಗ ಹತ್ತು ಮಂದಿ ಹೋಗಿ ಮೊದಲ ವಾರ ಕುಂದರೂದಕ್ಕಿಂತ, ಕಡೀಕ ಇಬ್ಬರು ಉಳಿಯೂದು ಚೊಲೋ. ಹೋಗೂ ಮೊದಲ ಫೋನ್ ಹಚ್ಚಿ "ಹಾಸಿಗಿ ಎಷ್ಟ ಅದಾವು" ಅಂತ ಕೇಳ್ರಿ, ನಾಚಕೋಬ್ಯಾಡ್ರಿ.

ನಾವು ಮೂರನೇ ದಿನ ಹೊಂಟ್ವಿ. ಓಣಿ ಭಾಂಡಿ ಎಲ್ಲಾ ಮನಿ ಮನಿಗೆ ಮುಟ್ಟಿದ್ವು. ಒಂದು ಹಿತ್ತಾಳಿ ಕೊಳಗ ಮಾತ್ರ ಇನ್ನೂ ಯಾರದಂತ ಗೊತ್ತಾಗಿಲ್ಲ. ಕಂಟಕ್ಕ "ಬ. ಸಿ." ಅಂತ ಹೊಡಸೇತಿ, ಒಂದು ಕಡೆ ಸಣ್ಣಾಗಿ ನೆಗ್ಗೇತಿ. ಇದನ್ನ ಓದವರಾಗ ನಮ್ಮೂರ ಕಡೆಯವರು ಯಾರರೆ ಇದ್ರ ಮನ್ಯಾಗ ಒಮ್ಮೆ ನೋಡಿ ಹೇಳ್ರಿ. ವೈನಿ ತಿಕ್ಕಿ ತೊಳದು ಇಟ್ಟಾರ.